ಎಲ್ಲಿ ಎನ್ನುವ ಮೊದಲು ಯಾವಾಗ: ಚಿಕ್ಕಮಗಳೂರಿನ ನಿತ್ಯ ಸವಾರರಿಗೆ ಸೈಕಲ್ ದೋಷ ನಿವಾರಣೆ ಕೈಪಿಡಿ

ಚಿಕ್ಕಮಗಳೂರಿನಲ್ಲಿ ದಿನವೂ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿಬರುವವರ ತೊಂದರೆಗಳು ಬಹುಮಟ್ಟಿಗೆ ಅವರು ಹಿಡಿಯುವ ರಸ್ತೆಯನ್ನು ಅವಲಂಬಿಸಿರುತ್ತವೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವ ಈ ಊರು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಅಂಚಿನಲ್ಲಿದೆ. ಕೆ.ಎಂ. (ಕಡೂರು–ಮಂಗಳೂರು) ರಸ್ತೆಯಲ್ಲಿ ಕಡೂರಿನ ಕಡೆಗೆ ಹೊರಟರೆ ಮಳೆ ಕಡಿಮೆಯಾಗುತ್ತ ಹೋಗಿ ಜಾಲಿಯ ಮುಳ್ಳು ಮತ್ತು ಧೂಳು ಸಿಗುತ್ತವೆ. ಅದೇ ರಸ್ತೆಯಲ್ಲಿ ಮೂಡಿಗೆರೆಯ ಕಡೆಗೆ ಹೊರಟರೆ ಕಾಫಿ ತೋಟಗಳ ನೆರಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಟ್ರ್ಯಾಕ್ಟರುಗಳು ರಸ್ತೆಗೆ ತಂದು ಮೆತ್ತಿದ ಕೆಂಪು ಕೆಸರು. ಹೀಗಾಗಿ ಒಂದೇ ಊರಿನ ಇಬ್ಬರು ಸವಾರರಲ್ಲಿ ಒಬ್ಬರಿಗೆ ತಿಂಗಳಿಗೊಮ್ಮೆ ಪಂಚರ್ ಆಗುತ್ತಿದ್ದರೆ, ಇನ್ನೊಬ್ಬರಿಗೆ ಪಂಚರಿನ ಚಿಂತೆಯೇ ಇಲ್ಲದೆ ಒಂದೇ ಮಳೆಗಾಲದಲ್ಲಿ ಬ್ರೇಕಿನ ರಬ್ಬರು ಸವೆದು ಹೋಗಿರುತ್ತದೆ.

ಸೈಕಲ್ ಕೆಟ್ಟಾಗ ನಮ್ಮಲ್ಲಿ ಬಹಳ ಜನ ಮೊದಲು ಕೇಳುವುದು ದೋಷ ಎಲ್ಲಿದೆ ಎಂದು. ಆ ಪ್ರಶ್ನೆಗೆ ಕಣ್ಣಿಗೂ ಕಿವಿಗೂ ಸಿಗುವ ಉತ್ತರ ಹೆಚ್ಚಾಗಿ ತಪ್ಪಾಗಿರುತ್ತದೆ. ಅದು ಯಾವಾಗ ಆಗುತ್ತದೆ, ತುಳಿಯುವಾಗಲೋ, ಸುಮ್ಮನೆ ಉರುಳುವಾಗಲೋ, ಬ್ರೇಕ್ ಹಿಡಿದಾಗಲೋ, ಮಳೆಯಲ್ಲಿ ಮಾತ್ರವೋ, ಬೆಳಗಿನ ಚಳಿಯಲ್ಲಿ ಮಾತ್ರವೋ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಕಳಚಬೇಕಾದ ಭಾಗಗಳ ಸಂಖ್ಯೆ ತಾನಾಗಿ ಎರಡು ಮೂರಕ್ಕೆ ಇಳಿಯುತ್ತದೆ. ಅದಾದ ಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಸರಿಪಡಿಸಿ ಓಡಿಸಿ ನೋಡಬೇಕು. ಮೂರನ್ನು ಒಟ್ಟಿಗೆ ಬಿಗಿದು ಎಣ್ಣೆಯನ್ನೂ ಬಿಟ್ಟರೆ ಸದ್ದು ನಿಂತರೂ ಅದು ಯಾವುದರಿಂದ ನಿಂತಿತು ಎಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಸದ್ದು

ಸೈಕಲ್ಲಿನ ಫ್ರೇಮು ಟೊಳ್ಳು ಕೊಳವೆಗಳಿಂದ ಆದದ್ದು. ಒಂದು ತುದಿಯಲ್ಲಿ ಹುಟ್ಟಿದ ಸದ್ದನ್ನು ಅದು ಇನ್ನೊಂದು ತುದಿಗೆ ಒಯ್ಯುತ್ತದೆ. ಸೀಟಿನ ಕಂಬದಲ್ಲಿ ಹುಟ್ಟಿದ ಕಿರುಗುಟ್ಟುವಿಕೆ ಪೆಡಲಿನ ಬಳಿ ಕೇಳಿಸುತ್ತದೆ, ಹ್ಯಾಂಡಲಿನದು ಮುಂದಿನ ಚಕ್ರದಲ್ಲಿದ್ದಂತೆ ತೋರುತ್ತದೆ. ಬಾಟಮ್ ಬ್ರಾಕೆಟ್, ಎಂದರೆ ಫ್ರೇಮಿನ ತಳದಲ್ಲಿ ಪೆಡಲಿನ ತೋಳುಗಳಾದ ಕ್ರ್ಯಾಂಕುಗಳು ಸುತ್ತುವ ಜಾಗದ ಬೇರಿಂಗ್ ಹೋಗಿದೆ ಎಂದು ತೀರ್ಮಾನಿಸಿ ಅದನ್ನು ಬದಲಿಸಿದ ಮೇಲೂ ಅದೇ ಸದ್ದು ಮುಂದುವರಿಯುವ ಪ್ರಕರಣಗಳಿಗೆ ಕೊರತೆಯಿಲ್ಲ.

ಏನನ್ನೂ ಬಿಚ್ಚುವ ಮೊದಲು ಬೆನ್ನಿನ ಅಥವಾ ಕ್ಯಾರಿಯರಿನ ಚೀಲವನ್ನು ಇಳಿಸಿ ಒಂದು ಸುತ್ತು ಹೋಗಿ ಬರಬೇಕು. ಊಟದ ಡಬ್ಬಿಯೊಳಗಿನ ಚಮಚ, ಬೀಗದ ಕೀಲಿಗೊಂಚಲು, ಸಡಿಲವಾದ ಮಡ್‌ಗಾರ್ಡಿನ ಕಡ್ಡಿ, ಬೆಲ್ಲಿನ ಮುಚ್ಚಳ, ಇವು ಮಾಡುವ ಸದ್ದಿಗೆ ಎಷ್ಟೋ ಬೇರಿಂಗುಗಳು ವೃಥಾ ಬಲಿಯಾಗಿವೆ. ಪರೀಕ್ಷೆಗೆ ಬೆಳಗಿನ ಹೊತ್ತು, ವಾಹನ ಕಡಿಮೆ ಇರುವ ರಸ್ತೆ ಒಳ್ಳೆಯದು. ಐ.ಜಿ. ರಸ್ತೆಯ ಗಲಾಟೆಯಲ್ಲಿ ಏನೂ ಕೇಳಿಸುವುದಿಲ್ಲ. ಬಸವನಹಳ್ಳಿ ಕೆರೆಯ ಬದಿಯಲ್ಲಿ ಬೆಳಿಗ್ಗೆ ಆರರ ಹೊತ್ತಿಗೆ ಚೆನ್ನಾಗಿ ಕೇಳಿಸುತ್ತದೆ.

ಸ್ವಲ್ಪ ವೇಗ ಬಂದ ಮೇಲೆ ತುಳಿಯುವುದನ್ನು ನಿಲ್ಲಿಸಿ ಸೈಕಲ್ ತಾನಾಗಿ ಉರುಳಲು ಬಿಡಿ. ಸದ್ದು ನಿಂತರೆ ಅದು ಪೆಡಲು, ಕ್ರ್ಯಾಂಕು, ಬಾಟಮ್ ಬ್ರಾಕೆಟ್, ಚೈನು ಅಥವಾ ತುಳಿತದ ಭಾರದಿಂದ ಅಲುಗುವ ಸೀಟು, ಹ್ಯಾಂಡಲುಗಳಿಗೆ ಸೇರಿದ್ದು. ನಿಲ್ಲದಿದ್ದರೆ ಚಕ್ರ, ಹಬ್ಬು, ಬ್ರೇಕು ಅಥವಾ ಮಡ್‌ಗಾರ್ಡಿಗೆ ಸೇರಿದ್ದು. ತುಳಿಯುವಾಗ ಮಾತ್ರ ಬರುವ ಸದ್ದಾದರೆ ಮುಂದಿನ ಹೆಜ್ಜೆಯಾಗಿ ಸೀಟಿನಿಂದ ಎದ್ದು ನಿಂತು ತುಳಿಯಬೇಕು. ಆಗ ಸದ್ದು ಅಡಗಿದರೆ ದೋಷ ಸೀಟಿನ ಕ್ಲಾಂಪಿನಲ್ಲಿದೆ, ಸೀಟಿನ ಕೆಳಗಿನ ಸ್ಪ್ರಿಂಗಿನಲ್ಲಿದೆ, ಇಲ್ಲವೇ ಗ್ರೀಸು ಒಣಗಿದ ಸೀಟಿನ ಕಂಬದಲ್ಲಿದೆ. ಕಂಬವನ್ನು ಹೊರಗೆಳೆದು, ಅದು ಎಷ್ಟು ಒಳಗಿತ್ತು ಎಂಬುದಕ್ಕೆ ಮೊದಲೇ ಗುರುತು ಹಾಕಿಕೊಂಡು, ಒರೆಸಿ, ತೆಳುವಾಗಿ ಗ್ರೀಸ್ ಸವರಿ ಮತ್ತೆ ಕೂರಿಸಿದರೆ ಸಾಕು. ಈ ಊರಿನ ಮಳೆಗೆ ಸಿಕ್ಕಿದ ಸೈಕಲ್ಲಿಗೆ ವರ್ಷಕ್ಕೊಮ್ಮೆ ಇದನ್ನು ಮಾಡುವುದು ಒಳ್ಳೆಯದು. ಮಾಡದಿದ್ದರೆ ಕಂಬವೂ ಕೊಳವೆಯೂ ತುಕ್ಕಿನಿಂದ ಒಂದಾಗಿ ಮುಂದೊಂದು ದಿನ ಸೀಟನ್ನು ಎತ್ತರಿಸುವುದೂ ಇಳಿಸುವುದೂ ಅಸಾಧ್ಯವಾಗುತ್ತದೆ.

ಎದ್ದು ನಿಂತರೂ ಸದ್ದು ಹೋಗಲಿಲ್ಲವೆಂದರೆ ಎಣಿಕೆಗೆ ಇಳಿಯಬೇಕು. ದೋಷ ಪತ್ತೆಯಲ್ಲಿ ಇದಕ್ಕಿಂತ ಉಪಯುಕ್ತವಾದ, ಇಷ್ಟು ಕಡಿಮೆ ಬಳಕೆಯಲ್ಲಿರುವ ಉಪಾಯ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸೈಕಲ್ಲಿನಲ್ಲಿ ತಿರುಗುವ ಮುಖ್ಯ ಭಾಗಗಳು ಮೂರು: ಕ್ರ್ಯಾಂಕು, ಚಕ್ರ, ಚೈನು. ಮೂರೂ ಬೇರೆ ಬೇರೆ ಲಯದಲ್ಲಿ ಸುತ್ತುತ್ತವೆ. ಉದಾಹರಣೆಗೆ ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಹಿಂದಿನ ಚಕ್ರ ಎರಡೂವರೆ ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ. ಚೈನಿನಲ್ಲಿ 110 ಕೊಂಡಿಗಳಿದ್ದರೆ ಅದು ಒಂದು ಪೂರ್ಣ ಸುತ್ತು ಬರಲು ಪೆಡಲು ಎರಡೂವರೆ ಸುತ್ತು ತಿರುಗಬೇಕು. ಆದ್ದರಿಂದ ಪೆಡಲಿನ ಪ್ರತಿ ಸುತ್ತಿಗೆ ಒಮ್ಮೆ, ಅದೂ ಕಾಲು ಒಂದೇ ಜಾಗದಲ್ಲಿದ್ದಾಗ ಬರುವ ಟಕ್ ಸದ್ದು ಪೆಡಲಿನದು ಅಥವಾ ಕ್ರ್ಯಾಂಕಿನದು. ಪೆಡಲಿನ ಒಂದು ಸುತ್ತಿಗೆ ಎರಡು ಮೂರು ಸಲ ಬರುವ ಸದ್ದು ಚಕ್ರದ್ದು. ಎರಡು ಸುತ್ತು ಸುಮ್ಮನಿದ್ದು ಮೂರನೆಯದರಲ್ಲಿ ಕಾಣಿಸಿಕೊಂಡು ಮತ್ತೆ ಮರೆಯಾಗುವ ಸದ್ದಾದರೆ ಚೈನಿನಲ್ಲಿ ಎಲ್ಲೋ ಒಂದು ಕೊಂಡಿ ಬಿಗಿದುಕೊಂಡಿದೆ ಎಂದು ನಿಶ್ಚಿಂತೆಯಿಂದ ಹೇಳಬಹುದು. ಪೆಡಲನ್ನು ಕೈಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಫ್ರೀವೀಲಿನ ಬಳಿ ನೋಡಿದರೆ ನೆಟ್ಟಗಾಗದೆ ಕುಪ್ಪಳಿಸುವ ಆ ಕೊಂಡಿ ಕಣ್ಣಿಗೇ ಬೀಳುತ್ತದೆ; ಅದನ್ನು ಎರಡೂ ಕೈಗಳಿಂದ ಪಕ್ಕಕ್ಕೆ ಅತ್ತಿತ್ತ ಬಾಗಿಸಿ ಒಂದು ಹನಿ ಎಣ್ಣೆ ಬಿಟ್ಟರೆ ಸಾಮಾನ್ಯವಾಗಿ ಸಡಿಲವಾಗುತ್ತದೆ.

ಪೆಡಲಿನ ಸುತ್ತಿಗೊಮ್ಮೆ ಬರುವ ಸದ್ದಿನಲ್ಲಿ ಎಡಬಲಗಳನ್ನು ಬೇರ್ಪಡಿಸಲು ಸಮತಟ್ಟಾದ ರಸ್ತೆಯಲ್ಲಿ ಒಂದೇ ಕಾಲಿನಿಂದ ಸ್ವಲ್ಪ ದೂರ ತುಳಿದು ನೋಡಬೇಕು. ಹಳೆಯ ಮಾದರಿಯ ಕರಿ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಹಿಡಿದಿಡುವುದು ಕಾಟರ್ ಪಿನ್. ಅದು ಸವೆದಾಗ ಕಾಲು ಮೇಲಿನ ತುದಿಯನ್ನು ದಾಟುವಾಗ ಒಂದು ಸಣ್ಣ ಮೆಟ್ಟಿಲು ಇಳಿದಂತೆ ಭಾಸವಾಗುತ್ತದೆ. ನಟ್ಟನ್ನೇ ಬಲವಾಗಿ ತಿರುಗಿಸಿ ಪಿನ್ನನ್ನು ಒಳಗೆಳೆಯಲು ಹೋದರೆ ಅದರ ಮರೆ (ತಿರುಪಿನ ಸುತ್ತುಗೆರೆ) ಸವೆದು ಹೋಗುತ್ತದೆ. ಕ್ರ್ಯಾಂಕಿನ ಕೆಳಗೆ ಗಟ್ಟಿಯಾದ ಆಧಾರ ಕೊಟ್ಟು, ಪಿನ್ನನ್ನು ಸುತ್ತಿಗೆಯಿಂದ ಕೂರಿಸಿ, ಅನಂತರ ನಟ್ಟು ಬಿಗಿಯುವುದು ಸರಿಯಾದ ಕ್ರಮ. ಹೊಸ ಮಾದರಿಯ ಗೇರ್ ಸೈಕಲ್ಲುಗಳಲ್ಲಿ ಕಾಟರ್ ಪಿನ್ ಇರುವುದಿಲ್ಲ. ಅಲ್ಯೂಮಿನಿಯಮ್ ಕ್ರ್ಯಾಂಕು ಚೌಕಾಕಾರದ ಆಕ್ಸಲಿನ ಮೇಲೆ ಕೂತಿರುತ್ತದೆ. ಅದು ಸಡಿಲವಾಗಿದ್ದರೆ ಮನೆ ತಲುಪಿದ ಮೇಲೆ ಬಿಗಿದರಾಯಿತು ಎಂದು ತುಳಿಯುತ್ತ ಹೋಗಬಾರದು. ಉಕ್ಕಿನ ಆಕ್ಸಲು ಮೆದು ಅಲ್ಯೂಮಿನಿಯಮ್ಮಿನ ಚೌಕವನ್ನು ಕೊರೆದು ದುಂಡಾಗಿಸುತ್ತದೆ, ಒಮ್ಮೆ ಹಾಗಾದ ಕ್ರ್ಯಾಂಕು ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಪೆಡಲನ್ನೇ ಬಿಚ್ಚಿ ಗ್ರೀಸ್ ಹಚ್ಚಬೇಕಾದರೆ ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ ಎಂಬುದನ್ನು ನೆನಪಿಡಬೇಕು. ಬಲಗಡೆಯದನ್ನು ಎಂದಿನಂತೆ ಎಡಕ್ಕೆ ತಿರುಗಿಸಿ ಬಿಚ್ಚಿದರೆ, ಎಡಗಡೆಯದನ್ನು ಬಲಕ್ಕೆ ತಿರುಗಿಸಬೇಕು.

ರಸ್ತೆಯ ಉಬ್ಬುಗಳ ಮೇಲೆ ಮಾತ್ರ ಮುಂಭಾಗದಿಂದ ಬರುವ ಟಕ್ ಸದ್ದಿಗೆ ಪರೀಕ್ಷೆ ಬೇರೆ. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸುತ್ತ, ಇನ್ನೊಂದು ಕೈಯ ಬೆರಳುಗಳನ್ನು ಹ್ಯಾಂಡಲಿನ ಕೆಳಗೆ ಫ್ರೇಮು ಮತ್ತು ಫೋರ್ಕು ಸೇರುವ ಬಟ್ಟಲಿನ ಮೇಲೆ ಇಡಬೇಕು. ಅಲ್ಲಿ ಅಲುಗಾಟ ಬೆರಳಿಗೆ ತಾಗಿದರೆ ಹೆಡ್‌ಸೆಟ್ ಸಡಿಲವಾಗಿದೆ. ಹ್ಯಾಂಡಲು ತಿರುಗಿಸುವಾಗ ನಡುವೆ ಒಂದು ಕಡೆ ಸಿಕ್ಕಿಕೊಂಡಂತೆ ಆಗುತ್ತಿದ್ದರೆ ಬಿಗಿಯುವುದರಿಂದ ಪ್ರಯೋಜನವಿಲ್ಲ. ಗುಂಡುಗಳು ಬಟ್ಟಲಿನಲ್ಲಿ ಗುಳಿ ಮಾಡಿವೆ, ಬದಲಿಸಬೇಕು.

ಮತ್ತೆ ಮತ್ತೆ ಆಗುವ ಪಂಚರ್

ಒಮ್ಮೆ ಆದ ಪಂಚರ್ ಅಪಘಾತ. ಅದೇ ಚಕ್ರದಲ್ಲಿ ವಾರದೊಳಗೆ ಎರಡನೆಯ ಸಲ ಆದರೆ ಅದಕ್ಕೊಂದು ಕಾರಣ ಟೈರಿನಲ್ಲೋ ರಿಮ್ಮಿನಲ್ಲೋ ಕೂತಿರುತ್ತದೆ. ಅಂಗಡಿಯಲ್ಲಿ ಟ್ಯೂಬನ್ನು ಎಳೆದು ತೇಪೆ ಹಾಕಿ ಒಳಗೆ ತುರುಕಿ ಕಳಿಸಿದರೆ ಆ ಕಾರಣ ಅಲ್ಲಿಯೇ ಉಳಿಯುತ್ತದೆ. ಅದನ್ನು ಹುಡುಕಲು ಒಂದು ಸರಳ ಶಿಸ್ತು ಬೇಕು: ಟೈರನ್ನು ಕೂರಿಸುವಾಗಲೇ ಅದರ ಮೇಲಿನ ಕಂಪನಿಯ ಹೆಸರು ಸರಿಯಾಗಿ ವಾಲ್ವಿನ ಎದುರಿಗೆ ಬರುವಂತೆ ಇಟ್ಟಿರಬೇಕು. ಆಮೇಲೆ ಎಂದು ಪಂಚರ್ ಆದರೂ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆ ಎಂದು ಅಳೆದು, ಟೈರಿನ ಮೇಲೆ ಹೆಸರಿನಿಂದ ಅಷ್ಟೇ ದೂರದಲ್ಲಿ ಹುಡುಕಿದರೆ ಮುಳ್ಳೋ ತಂತಿಯೋ ಸಿಗುತ್ತದೆ. ಟ್ಯೂಬನ್ನು ತೆಗೆಯುವಾಗ ಅದರ ಎಡಬಲ ತಿರುವುಮುರುವಾಗದಂತೆ ನೋಡಿಕೊಳ್ಳಬೇಕು. ಸಂದೇಹವಿದ್ದರೆ ವಾಲ್ವಿನ ಎರಡೂ ಬದಿಗಳಲ್ಲಿ ಹುಡುಕಬೇಕು.

ತೂತಿನ ಜಾಗ ಮತ್ತು ರೂಪ ಅರ್ಧ ಕಥೆಯನ್ನು ಹೇಳಿಬಿಡುತ್ತವೆ. ಟ್ಯೂಬಿನ ಹೊರಮೈಯಲ್ಲಿ, ಎಂದರೆ ರಸ್ತೆಯ ಕಡೆಗೆ, ಒಂದೇ ಸಣ್ಣ ತೂತು ಇದ್ದರೆ ಅದು ಮುಳ್ಳು, ಗಾಜು ಅಥವಾ ತಂತಿಯಿಂದ ಆದದ್ದು. ಕಡೂರಿನ ದಿಕ್ಕಿನಲ್ಲಿ ಓಡಾಡುವವರಿಗೆ ಮುಖ್ಯ ಶತ್ರು ಜಾಲಿಯ ಮುಳ್ಳು. ಅದು ಟೈರಿನೊಳಗೆ ಮುರಿದು ಉಳಿದಾಗ ಹೊರಗಿನಿಂದ ಕಾಣುವುದಿಲ್ಲ. ಹೆದ್ದಾರಿಯಲ್ಲಿ ಓಡುವವರಿಗೆ ಇನ್ನೊಂದು ಶತ್ರುವಿದೆ: ಸ್ಫೋಟಗೊಂಡ ಲಾರಿ ಟೈರುಗಳಿಂದ ಉದುರಿದ, ಕೂದಲಿಗಿಂತ ಸ್ವಲ್ಪವೇ ದಪ್ಪವಿರುವ ಉಕ್ಕಿನ ತಂತಿಯ ಚೂರುಗಳು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಇಂಥ ಚೂರು ಟೈರಿನಲ್ಲಿ ಅಡಗಿ, ಭಾರ ಬಿದ್ದಾಗ ಮಾತ್ರ ಒಳಗೆ ಇಣುಕಿ, ಟ್ಯೂಬನ್ನು ಚುಚ್ಚಿ ಮತ್ತೆ ಹಿಂದೆ ಸರಿಯುತ್ತದೆ. ಬರಿಗಣ್ಣಿಗೆ ಸಿಗದ ಇದನ್ನು ಹುಡುಕಲು ಹತ್ತಿಯ ತುಣುಕನ್ನು ಅಥವಾ ಹಳೆಯ ಬನಿಯನ್ನಿನ ಚೂರನ್ನು ಟೈರಿನ ಒಳಮೈಗೆ ಒತ್ತಿ ಸುತ್ತಲೂ ಎಳೆದರೆ ಎಳೆ ಸಿಕ್ಕಿಕೊಳ್ಳುವ ಜಾಗದಲ್ಲಿ ಅದು ಇರುತ್ತದೆ. ಬರಿ ಬೆರಳಿನಿಂದ ಸವರಬಾರದು. ಸಿಕ್ಕ ತಂತಿಯನ್ನು ಉಗುರು ಕತ್ತರಿಯ ತುದಿಯಿಂದ ಹಿಡಿದು ಹೊರಗೆಳೆಯುವುದು ಇಕ್ಕಳದಿಂದ ಎಳೆಯುವುದಕ್ಕಿಂತ ಸುಲಭ.

ತೂತು ಒಳಮೈಯಲ್ಲಿ, ರಿಮ್ಮಿನ ಕಡೆಗೆ ಇದ್ದರೆ ರಸ್ತೆಯನ್ನು ದೂರಿ ಫಲವಿಲ್ಲ. ರಿಮ್ಮಿನೊಳಗೆ ಸುತ್ತಿದ ಟೇಪು ಸರಿದು ಚಕ್ರದ ಕಡ್ಡಿಯ (ಸ್ಪೋಕಿನ) ತುದಿಯೋ ಅದರ ತೂತಿನ ಅಂಚೋ ಟ್ಯೂಬಿಗೆ ತಾಗುತ್ತಿದೆ. ಚಕ್ರದ ಬೆಂಡ್ ತೆಗೆಸಿದ ಕೆಲವೇ ದಿನಗಳಲ್ಲಿ ಇಂಥ ಪಂಚರ್ ಆದರೆ ಕಡ್ಡಿಯೊಂದು ಅದನ್ನು ರಿಮ್ಮಿಗೆ ಬಿಗಿಯುವ ನಿಪ್ಪಲಿನಿಂದ ಹೊರಗೆ ಚಾಚಿಕೊಂಡಿರುವ ಸಂಭವ ಹೆಚ್ಚು. ಅದನ್ನು ಅರದಿಂದ ಉಜ್ಜಿ ಸಮ ಮಾಡಿ ಹೊಸ ಟೇಪು ಹಾಕಬೇಕು. ಅಕ್ಕಪಕ್ಕದಲ್ಲಿ ಎರಡು ಸೀಳು ಇದ್ದರೆ ಗಾಳಿ ಕಡಿಮೆಯಾಗಿ, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿನ ಎರಡು ಅಂಚುಗಳಿಗೂ ಟೈರಿಗೂ ನಡುವೆ ಹಿಸುಕಿಹೋಗಿದೆ ಎಂದೇ ಅರ್ಥ. ಮಳೆಗಾಲದಲ್ಲಿ ನೀರು ನಿಂತ ಗುಂಡಿಯ ಆಳ ತಿಳಿಯದೆ ಹೋಗಿ ಬೀಳುವವರಿಗೆ ಇದು ಸಾಮಾನ್ಯ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗಾಳಿಯ ಮಿತಿಯನ್ನು ಓದಿಕೊಂಡು ಅದಕ್ಕೆ ತಕ್ಕಂತೆ ವಾರಕ್ಕೊಮ್ಮೆ ಪಂಪು ಹಿಡಿಯುವುದೇ ಇದರ ಔಷಧ. ಹೆಬ್ಬೆರಳಿನಿಂದ ಒತ್ತಿ ಗಾಳಿ ಸಾಕು ಎನ್ನುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅರ್ಧ ಗಾಳಿಯ ಟೈರು ಕೂಡ ಬೆರಳಿಗೆ ಗಟ್ಟಿಯಾಗಿಯೇ ತೋರುತ್ತದೆ. ವಾಲ್ವಿನ ಬುಡದಲ್ಲಿ ಟ್ಯೂಬು ಹರಿದಿದ್ದರೂ ಕಾರಣ ಕಡಿಮೆ ಗಾಳಿಯೇ ಇರಬಹುದು: ಬ್ರೇಕ್ ಹಿಡಿದಾಗ ಟೈರು ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪವೇ ಜಾರಿ ಟ್ಯೂಬನ್ನೂ ಎಳೆಯುತ್ತದೆ, ವಾಲ್ವು ಓರೆಯಾಗುತ್ತದೆ, ಕೊನೆಗೆ ಬುಡ ಹರಿಯುತ್ತದೆ. ಈ ಹರುಕಿಗೆ ತೇಪೆ ನಿಲ್ಲುವುದಿಲ್ಲ, ಟ್ಯೂಬು ಬದಲಿಸಬೇಕು.

ಎಲ್ಲಿಯೂ ತೂತು ಕಾಣದೆ ರಾತ್ರಿ ಕಳೆಯುವುದರೊಳಗೆ ಗಾಳಿ ಇಳಿಯುತ್ತಿದ್ದರೆ ಮೊದಲು ವಾಲ್ವನ್ನು ಸಂಶಯಿಸಬೇಕು. ಹಳೆಯ ಮಾದರಿಯ ವಾಲ್ವಿನಲ್ಲಿ ಪಿನ್ನಿನ ಮೇಲೆ ತೊಡಿಸಿದ ಸಣ್ಣ ರಬ್ಬರ್ ಕೊಳವೆ, ಅಂಗಡಿಯ ಭಾಷೆಯಲ್ಲಿ ವಾಲ್‌ಟ್ಯೂಬು, ಕಾಲ ಕಳೆದಂತೆ ಒಣಗಿ ಬಿರಿಯುತ್ತದೆ. ವಾಲ್ವಿನ ತುದಿಗೆ ಒದ್ದೆ ಬೆರಳಿನಿಂದ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ. ಎದ್ದರೆ ಚಿಲ್ಲರೆ ಕಾಸಿನ ಆ ರಬ್ಬರನ್ನು ಬದಲಿಸಿದರೆ ಕೆಲಸ ಮುಗಿಯಿತು. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡುವಾಗ ಹಳೆಯ ತೇಪೆಗಳ ಅಂಚುಗಳನ್ನು ತಪ್ಪದೆ ನೋಡಬೇಕು. ಮಲೆನಾಡಿನ ಮಳೆಯಲ್ಲಿ ಹಾಕಿದ ತೇಪೆಗಳು ಬೇಗ ಏಳುವುದಕ್ಕೆ ಕಾರಣ ಸೊಲ್ಯೂಷನ್ ಕಳಪೆ ಎಂದಲ್ಲ, ಟ್ಯೂಬಿನ ಮೇಲೆ ತೇವ ಉಳಿದಿರುತ್ತದೆ. ಟ್ಯೂಬನ್ನು ಚೆನ್ನಾಗಿ ಒರೆಸಿ, ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಸೊಲ್ಯೂಷನ್ ತೆಳುವಾಗಿ ಹಚ್ಚಿ, ಅದು ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದು ಅನಂತರ ತೇಪೆ ಒತ್ತಬೇಕು. ಹಸಿಯಾಗಿರುವಾಗಲೇ ಒತ್ತಿದರೆ ಬೇಗ ಹಿಡಿಯುತ್ತದೆ ಎಂಬ ನಂಬಿಕೆ ತಪ್ಪು.

ಮಳೆಯಲ್ಲಿ ಹಿಡಿಯದ ಬ್ರೇಕು

ಒಣ ದಿನಗಳಲ್ಲಿ ಸರಿಯಿದ್ದು ಮಳೆ ಬಂದೊಡನೆ ಬ್ರೇಕು ಹಿಡಿಯುವುದಿಲ್ಲ ಎನ್ನುವವರು ಮೊದಲು ರಿಮ್ಮನ್ನು ನೋಡಬೇಕು. ಕ್ರೋಮ್ ಲೇಪನದ ಉಕ್ಕಿನ ರಿಮ್ಮಿಗೆ ನೀರು ಬಿದ್ದಾಗ ರಬ್ಬರಿನ ಹಿಡಿತ ಬಹಳ ಕುಸಿಯುತ್ತದೆ. ಅದು ಆ ಲೋಹದ ಸ್ವಭಾವ, ಎಷ್ಟು ಬಿಗಿದರೂ ಪೂರ್ತಿ ಹೋಗುವುದಿಲ್ಲ. ನಿಲ್ಲಬೇಕಾದ ಜಾಗಕ್ಕೆ ಸಾಕಷ್ಟು ಮೊದಲೇ ಬ್ರೇಕನ್ನು ಹಗುರಾಗಿ ತಾಗಿಸಿ ರಿಮ್ಮಿನ ನೀರನ್ನು ಒರೆಸಿಕೊಂಡು ಆಮೇಲೆ ಹಿಡಿಯುವುದು, ಸಾಧ್ಯವಾದರೆ ಅಲ್ಯೂಮಿನಿಯಮ್ ರಿಮ್ಮಿಗೆ ಬದಲಾಯಿಸುವುದು, ಇವೆರಡೇ ಪರಿಹಾರ. ಅಲ್ಯೂಮಿನಿಯಮ್ ರಿಮ್ಮಿನಲ್ಲಿ ಹಿಡಿತ ಉತ್ತಮ, ಆದರೆ ತೊಂದರೆ ಬೇರೆ ಬಗೆಯದು. ಕೆಸರಿನ ಮರಳು ರಬ್ಬರಿನಲ್ಲಿ ನಾಟಿಕೊಂಡು ರಿಮ್ಮನ್ನು ಕೆರೆಯುತ್ತದೆ. ಬ್ರೇಕ್ ಹಿಡಿದಾಗ ಗರಗರ ಸದ್ದು ಬಂದರೆ ರಬ್ಬರನ್ನು ಬಿಚ್ಚಿ, ನಾಟಿದ ಹರಳು ಮತ್ತು ಲೋಹದ ಹೊಳೆಯುವ ಚೂರುಗಳನ್ನು ಸೂಜಿಯಿಂದ ತೆಗೆದು, ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಕೂರಿಸಬೇಕು. ರಿಮ್ಮಿನ ಬದಿ ಬೆರಳಿಗೆ ಗುಳಿಯಾಗಿ ತೋರುವಷ್ಟು ಸವೆದಿದ್ದರೆ ರಿಮ್ಮನ್ನೇ ಬದಲಿಸಬೇಕು.

ಡಿಸ್ಕ್ ಬ್ರೇಕು ಒದ್ದೆಯಾದಾಗ ಕಿರುಚಿ ಒಣಗಿದ ಮೇಲೆ ಸುಮ್ಮನಾದರೆ ಅದು ದೋಷವಲ್ಲ. ಒಣಗಿದ ಮೇಲೂ ಕಿರುಚುತ್ತ, ಹಿಡಿತವೂ ಕಡಿಮೆಯಾಗಿದ್ದರೆ ಡಿಸ್ಕಿಗೆ ಎಣ್ಣೆ ತಾಗಿದೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಡಿಸ್ಕನ್ನು ಮುಚ್ಚದಿರುವುದು ಇದಕ್ಕೆ ಅತಿ ಸಾಮಾನ್ಯ ಕಾರಣ. ಡಿಸ್ಕನ್ನು ಸ್ಪಿರಿಟ್ಟಿನಿಂದ ಒರೆಸಬಹುದು, ಎಣ್ಣೆ ಕುಡಿದ ಪ್ಯಾಡನ್ನು ಮಾತ್ರ ಬದಲಿಸುವುದೇ ಲೇಸು. ಗಿರಿಯ ಕಡೆಯಿಂದ ಇಳಿದು ಊರಿಗೆ ಬರುವವರು ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಇಳಿದರೆ ಪ್ಯಾಡು ಕಾದು ಅದರ ಮೈ ಗಾಜಿನಂತೆ ನುಣುಪಾಗುತ್ತದೆ. ತಿರುವಿಗೆ ಮೊದಲು ಬಲವಾಗಿ ಹಿಡಿದು ವೇಗ ಇಳಿಸಿ, ಅನಂತರ ಪೂರ್ತಿ ಬಿಟ್ಟು ತಣಿಯಲು ಅವಕಾಶ ಕೊಡಬೇಕು.

ಬ್ರೇಕಿನ ಸನ್ನೆ ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುವುದಿಲ್ಲ ಎಂಬ ದೂರಿಗೆ ಕಾರಣ ಕೇಬಲ್ಲು. ಮಳೆಗಾಲ ಮುಗಿದ ಮೇಲೆ ಇದು ಕಾಣಿಸಿಕೊಂಡರೆ ಒಳಗೆ ತುಕ್ಕು ಹಿಡಿದಿದೆ, ತಂತಿಯನ್ನೂ ಹೊರಗಿನ ಕವಚವನ್ನೂ ಒಟ್ಟಿಗೆ ಬದಲಿಸಬೇಕು. ಆದರೆ ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಕೇಬಲ್ಲು ಬಿಗಿಯಾಗಿದ್ದು ಮಧ್ಯಾಹ್ನ ಸಂಜೆಗಳಲ್ಲಿ ಸಲೀಸಾಗಿ ಓಡುತ್ತಿದ್ದರೆ ಬೇರೆಯೇ ಪ್ರಶ್ನೆ ಕೇಳಬೇಕು: ಮನೆಯಲ್ಲಿ ಯಾರಾದರೂ ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದಾರೆಯೇ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಆಗುವುದೇ ಕೇಬಲ್ಲಿನೊಳಗೂ ಆಗುತ್ತದೆ. ಬಿಸಿಲು ಏರಿದೊಡನೆ ದೋಷ ಮಾಯವಾಗುವುದರಿಂದ ಅಂಗಡಿಗೆ ಒಯ್ಯುವ ಹೊತ್ತಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಕೇಬಲ್ಲು ಹೊರಗೆಳೆದು, ಒರೆಸಿ, ಹೊಲಿಗೆ ಯಂತ್ರಕ್ಕೆ ಬಳಸುವ ತೆಳು ಎಣ್ಣೆ ಬಿಟ್ಟರೆ ಸರಿಹೋಗುತ್ತದೆ.

ತುಳಿದಾಗ ಜಾರುವುದು

ಚಡಾವಿನಲ್ಲಿ ಬಲವಾಗಿ ತುಳಿದಾಗ ಪೆಡಲು ಒಮ್ಮೆಲೇ ಕುಸಿದು ಕಾಲು ತಪ್ಪುವುದು ಸಣ್ಣ ತೊಂದರೆಯಲ್ಲ. ಸವಾರ ಮುಂದಿನ ಕೊಳವೆಯ ಮೇಲೆ ಬೀಳುತ್ತಾನೆ. ಕಾಲಿಗೆ ಒಂದೇ ರೀತಿ ತೋರುವ ಈ ಜಾರುವಿಕೆಗೆ ಮೂರು ಪ್ರತ್ಯೇಕ ಕಾರಣಗಳಿರಬಹುದು. ಚೈನು ಫ್ರೀವೀಲಿನ ಹಲ್ಲುಗಳ ಮೇಲೆ ಹಾರುತ್ತಿದ್ದರೆ ಹಿಂದಿನಿಂದ ಲೋಹದ ಕಟ್ ಸದ್ದು ಕೇಳಿಸುತ್ತದೆ. ಚೈನು ಹಲ್ಲಿನ ಮೇಲೆ ಭದ್ರವಾಗಿದ್ದು ಫ್ರೀವೀಲಿನ ಒಳಗಿನ ಹಿಡಿಗಳು ಕಚ್ಚದೆ ಹೋದರೆ ಚೈನು ಮುಂದೆ ಸಾಗುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಚಳಿಯ ಬೆಳಿಗ್ಗೆ ಇದು ಹೆಚ್ಚು, ಒಳಗಿನ ಗ್ರೀಸು ಅಂಟಾಗಿರುವುದೇ ಕಾರಣ. ಹಿಂದಿನ ಆಕ್ಸಲಿನ ನಟ್ಟು ಸಡಿಲವಾಗಿದ್ದರೆ ಚಕ್ರವೇ ಓರೆಯಾಗಿ ಎಡಗಡೆಯ ಕೊಳವೆಗೆ ಟೈರು ಉಜ್ಜುತ್ತದೆ. ಇದನ್ನು ಅಲ್ಲಿಯೇ ನಿಂತು ನೋಡಿದರೆ ತಿಳಿದುಬಿಡುತ್ತದೆ.

ಮೊದಲನೆಯ ಬಗೆಯಾದರೆ ಚೈನನ್ನು ಅಳೆಯಬೇಕು. ಅದರ ಒಂದೊಂದು ಕೊಂಡಿಯ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು; ಆದ್ದರಿಂದ 24 ಕೊಂಡಿಗಳು ಸರಿಯಾಗಿ 12 ಇಂಚು ಇರಬೇಕು. ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವೆ ಇಟ್ಟು 24ನೆಯ ಕೊಂಡಿಯ ಪಿನ್ನು ಎಲ್ಲಿ ಬರುತ್ತದೆ ಎಂದು ನೋಡಿ. ಒಂದು ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಿದ್ದರೆ ಗೇರ್ ಸೈಕಲ್ಲಿನ ಚೈನು ಬದಲಿಸುವ ಕಾಲ ಬಂದಿದೆ. ಎಂಟನೆಯ ಒಂದು ಭಾಗ ಹೆಚ್ಚಿದ್ದರೆ ಹಲ್ಲುಚಕ್ರವೂ ಚೈನಿನ ಜೊತೆಗೇ ಸವೆದಿರುತ್ತದೆ. ಆಗ ಚೈನು ಮಾತ್ರ ಹೊಸದಾಗಿ ಹಾಕಿದರೆ ಮೊದಲಿಗಿಂತ ಹೆಚ್ಚು ಜಾರುತ್ತದೆ. ಹೊಸ ಚೈನು ಹಾಕಿದ ಮೇಲೆಯೇ ತೊಂದರೆ ಶುರುವಾಯಿತು ಎಂದು ಅಂಗಡಿಯವರ ಮೇಲೆ ಸಿಟ್ಟಾಗುವವರು ಈ ಲೆಕ್ಕವನ್ನು ಗಮನಿಸಬೇಕು. ಗೇರಿಲ್ಲದ ಸೈಕಲ್ಲಿನಲ್ಲಿ ಸವೆತಕ್ಕೆ ಸ್ವಲ್ಪ ಹೆಚ್ಚು ಸೈರಣೆ ಇದೆ.

ಚೈನು ಬೇಗ ಸವೆಯಲು ನಮ್ಮ ಊರಿನಲ್ಲಿ ಎರಡು ಅಭ್ಯಾಸಗಳು ಕಾರಣ. ಒಂದು, ಮೋಟಾರಿನಿಂದ ತೆಗೆದ ಹಳೆಯ ಎಂಜಿನ್ ಆಯಿಲನ್ನು ಧಾರಾಳವಾಗಿ ಸುರಿಯುವುದು. ಅದಕ್ಕೆ ಕೆಂಪು ಧೂಳು ಅಂಟಿ ಅರೆಯುವ ಪುಡಿಯಾಗುತ್ತದೆ. ಇನ್ನೊಂದು, ವಾಟರ್ ಸರ್ವಿಸ್ ಅಂಗಡಿಯಲ್ಲಿ ರಭಸದ ನೀರು ಹೊಡೆಸುವುದು. ಕೆಸರು ಹೋಗುತ್ತದೆ ನಿಜ, ಜೊತೆಗೆ ಹಬ್ಬು ಮತ್ತು ಬಾಟಮ್ ಬ್ರಾಕೆಟ್ಟಿನ ಗ್ರೀಸು ತೊಳೆದುಹೋಗಿ ಅಲ್ಲಿ ನೀರು ಕೂರುತ್ತದೆ. ಬಕೆಟ್ಟು, ಹಳೆಯ ಬ್ರಷ್ಷು, ಒಣಬಟ್ಟೆ ಸಾಕು. ಎಣ್ಣೆಯನ್ನು ಕೊಂಡಿಯ ರೋಲರಿಗೆ ಒಂದೊಂದೇ ಹನಿ ಬಿಟ್ಟು, ಸ್ವಲ್ಪ ಹೊತ್ತು ತಿರುಗಿಸಿ, ಹೊರಮೈಯನ್ನು ಪೂರ್ತಿ ಒರೆಸಿಬಿಡಬೇಕು.

ಚಿಲ್ಲರೆ ಫಜೀತಿಗಳು

ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಾಗ ಬಟ್ಟೆಯನ್ನು ಎಳೆಯುವುದೂ ಮುಂದಕ್ಕೆ ತುಳಿಯುವುದೂ ಅದನ್ನು ಇನ್ನಷ್ಟು ಒಳಗೆ ಸೇರಿಸುತ್ತವೆ. ನಿಂತು, ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಸಿಕ್ಕಿದ ದಾರಿಯಲ್ಲೇ ಹೊರಬರುತ್ತದೆ. ಸೀರೆ, ದುಪ್ಪಟ್ಟಾಗಳಿಗೆ ಹಿಂದಿನ ಚಕ್ರದ ಪಕ್ಕಕ್ಕೆ ಜಾಲರಿ ಹಾಕಿಸುವುದು ಅಗತ್ಯವೇ ಹೊರತು ಅಲಂಕಾರವಲ್ಲ.

ಮಳೆಗೆ ನೆನೆದು ತಿರುಗದ ಬೀಗಕ್ಕೆ ಎಣ್ಣೆ ಬಿಟ್ಟರೆ ಆ ದಿನ ತೆರೆಯುತ್ತದೆ, ಧೂಳು ಕೂತು ಮುಂದಿನ ತಿಂಗಳು ಮತ್ತೆ ಬಿಗಿಯುತ್ತದೆ. ಪೆನ್ಸಿಲ್ಲಿನ ಸೀಸದ ಪುಡಿಯನ್ನು ಕೀಲಿಗೆ ಸವರಿ ನಾಲ್ಕಾರು ಸಲ ಹಾಕಿ ತೆಗೆಯುವುದು ಮೇಲು. ಡೈನಮೋ ದೀಪ ಮಳೆಯಲ್ಲಿ ಮಂಕಾದರೆ ಒದ್ದೆ ಟೈರಿನ ಮೇಲೆ ಅದರ ಗಾಲಿ ಜಾರುತ್ತಿದೆ. ಒಣ ದಿನದಲ್ಲೂ ಮಿಣುಕುತ್ತಿದ್ದರೆ ದೀಪ ಮತ್ತು ಡೈನಮೋ ಫ್ರೇಮಿಗೆ ತಾಗುವ ಜಾಗವನ್ನು ನೋಡಬೇಕು, ಏಕೆಂದರೆ ವಿದ್ಯುತ್ತು ಹಿಂದಿರುಗುವುದು ಫ್ರೇಮಿನ ಮೂಲಕವೇ. ಅಲ್ಲಿನ ಬಣ್ಣ ಅಥವಾ ತುಕ್ಕನ್ನು ಕೆರೆದರೆ ಬೆಳಕು ಮರಳುತ್ತದೆ.

ಹಿಂದಿನ ಚಕ್ರದಲ್ಲಿ ಕಡ್ಡಿ ಮುರಿದರೆ, ಅದು ಹೆಚ್ಚಾಗಿ ಫ್ರೀವೀಲಿನ ಬದಿಯಲ್ಲೇ ಮುರಿಯುತ್ತದೆ, ಆ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಚಕ್ರ ಬ್ರೇಕಿಗೆ ಉಜ್ಜುತ್ತಿದ್ದರೆ ಬ್ರೇಕನ್ನು ಸಡಿಲಿಸಿ, ಮುಂದಿನ ಬ್ರೇಕೊಂದನ್ನೇ ನೆಚ್ಚಿಕೊಂಡು ನಿಧಾನವಾಗಿ ಮನೆ ಸೇರಬಹುದು. ಒಂದು ಬದಲಿಸಿದ ತಿಂಗಳೊಳಗೆ ಇನ್ನೊಂದು, ಮತ್ತೊಂದು ಮುರಿಯುತ್ತ ಹೋದರೆ ಉಳಿದವೂ ದಣಿದಿವೆ ಎಂದು ತಿಳಿದು ಇಡೀ ಚಕ್ರಕ್ಕೆ ಹೊಸ ಕಡ್ಡಿ ಹಾಕಿಸುವುದು ಕಡಿಮೆ ಖರ್ಚಿನ ದಾರಿ.

ಬಿರುಕು

ಫ್ರೇಮು ಅಥವಾ ಫೋರ್ಕಿನ ಬೆಸುಗೆಯ ಬಳಿ ಕೂದಲೆಳೆಯಂಥ ಗೆರೆ ಕಂಡರೆ ಅದು ಬಣ್ಣದ್ದೋ ಲೋಹದ್ದೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಉಕ್ಕಿನ ಫ್ರೇಮಾದರೆ ಗೆರೆಯನ್ನು ಒರೆಸಿ, ಒದ್ದೆ ಮಾಡಿ, ಮರುದಿನ ನೋಡಿ. ಗೆರೆಯುದ್ದಕ್ಕೂ ಕೆಂಪು ತುಕ್ಕು ಒಸರಿದ್ದರೆ ಬಿರುಕು ಲೋಹಕ್ಕೆ ಇಳಿದಿರುವ ಸಂಭವವೇ ಹೆಚ್ಚು. ಅನುಮಾನ ತೀರದಿದ್ದರೆ ಅಲ್ಲಿನ ಬಣ್ಣವನ್ನು ಕೆರೆದು ನೋಡಬೇಕು. ಲೋಹದ ಬಿರುಕೆಂದು ಖಚಿತವಾದ ಮೇಲೆ ಆ ಸೈಕಲ್ಲನ್ನು ಹತ್ತಬಾರದು, ಅಂಗಡಿಯವರೆಗೂ ತಳ್ಳಿಕೊಂಡೇ ಹೋಗಬೇಕು. ಉಕ್ಕಿನ ಫ್ರೇಮನ್ನು ನುರಿತ ಕೈ ಬೆಸೆದು ಕೊಡಬಲ್ಲದು. ಅಲ್ಯೂಮಿನಿಯಮ್ ಫ್ರೇಮನ್ನು ಸಾಮಾನ್ಯ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಬಾರದು. ಬೆಸುಗೆಯ ಶಾಖದಿಂದ ಸುತ್ತಲಿನ ಲೋಹ ತನ್ನ ಬಲ ಕಳೆದುಕೊಳ್ಳುತ್ತದೆ, ಅದನ್ನು ಮರಳಿ ಪಡೆಯಲು ಬೇಕಾದ ಶಾಖ ಸಂಸ್ಕರಣೆಯ ವ್ಯವಸ್ಥೆ ಅಂಥ ಅಂಗಡಿಗಳಲ್ಲಿ ಇರುವುದಿಲ್ಲ. ಫೋರ್ಕು ಯಾವ ಲೋಹದ್ದಾದರೂ ಬೆಸುಗೆ ಬೇಡ, ಹೊಸದನ್ನೇ ಹಾಕಿಸಬೇಕು.